ಕವಳ ಕೊಡಲ್ಲ

ನಮ್ಮ ಕಡೆ ಕವಳ ಕೇಳಿದವರಿಗೆ ಯಾರೂ ಇಲ್ಲ ಅನ್ನುವುದಿಲ್ಲ. ಬೇಲಿ ಜಗಳದಲ್ಲಿ ವರ್ಷಗಟ್ಟಲೆ ಮಾತು ಬಿಟ್ಟವರೂ ಬಸ್‌ಸ್ಟಾಪಿನಲ್ಲಿ ಎದುರಾದರೆ ಒಬ್ಬರ ಸಂಚಿಯಿಂದ ಇನ್ನೊಬ್ಬರು ಎಲೆ ಅಡಿಕೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾರೆ. ಮುಖ ಮಾತ್ರ ಆ ಕಡೆ ತಿರುಗಿರುತ್ತದೆ. ಸಾವಿನ ಮನೆಯಲ್ಲೂ ಕವಳ ನಡೆಯುತ್ತದೆ. ನಾನು ಇಲ್ಲ ಅಂದೆ. ಸಂಚಿ ತುಂಬ ಎಲೆ ಇಟ್ಟುಕೊಂಡು, ಇಡೀ ಶೆಡ್ಡಿನ ಎದುರು ಕೊಡಲ್ಲ ಅಂದೆ. ಊರಲ್ಲಿ ನನ್ನ ಹೆಸರು ಕೆಟ್ಟದ್ದು ಅದಕ್ಕೆ. ಕೇಳಿದವನು ಮಾಡಿದ್ದಕ್ಕೆ ಅವನ ಹೆಸರು ಕೆಡಲಿಲ್ಲ.

ಬೇರೆಯವರು ಹೇಳುವುದನ್ನು ಕೇಳಿ ಕೇಳಿ ಸಾಕಾಗಿದೆ. ನಾನೇ ಹೇಳುತ್ತೇನೆ. ನನ್ನ ಹೆಸರು ಮಲ್ಲಿಕಾ. ಕೊಪ್ಪ ಕಡೆಯ ನಾರ್ವೆ ಹತ್ತಿರದ ಕಾಲೊನಿಯವಳು. ಅಪ್ಪ ಚೋಮ ಅಡಿಕೆ ಮರ ಹತ್ತಿ ಗೊನೆ ತೆಗೆಯುತ್ತಿದ್ದವನು. ಮರದಿಂದ ಬಿದ್ದು ಸೊಂಟ ಹೋದ ಮೇಲೆ ಮನೆಯಲ್ಲೇ ಇದ್ದಾನೆ. ಅವ್ವ ತೀರಿಹೋಗಿದ್ದಾಳೆ. ಮನೆಯಲ್ಲಿ ಒಲೆ ಉರಿಯಬೇಕಾದರೆ ನಾನು ಕಮ್ಮರಡಿ ದಾರಿಯ ರವಿಶಂಕರಯ್ಯನ ಅಡಿಕೆ ಶೆಡ್ಡಿಗೆ ಹೋಗಬೇಕು. ಇದಿಷ್ಟು ನೆನಪಿಟ್ಟುಕೊಳ್ಳಿ. ಆಮೇಲೆ ಎಲ್ಲರೂ ನನ್ನನ್ನು ಕೇಳಿದ್ದು ಒಂದೇ ಮಾತು, ಅಷ್ಟು ಕಷ್ಟ ಇದ್ದರೆ ಕೆಲಸ ಬಿಡಬಹುದಿತ್ತಲ್ಲ ಅಂತ.

ಸುಲಿಯುವ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೆಟ್ಟುಕತ್ತಿ ಸಿಕ್ಕಿಸಿದ ಹಲಗೆಯ ಮೇಲೆ ಕಾಲು ಮಡಚಿ ಕೂರಬೇಕು. ಅಡಿಕೆಯನ್ನು ಕತ್ತಿಯ ಬಾಯಿಗೆ ಒತ್ತಿ ಸಿಪ್ಪೆ ಸೀಳಬೇಕು. ಬೆಳಿಗ್ಗೆ ಕೂತರೆ ಊಟಕ್ಕೆ ಏಳುವಾಗ ಮಂಡಿ ಬಿಚ್ಚುವುದಿಲ್ಲ. ಬೆರಳ ಸಂದು ಒಡೆದು ಅದರೊಳಗೆ ಅಡಿಕೆಯ ಕರೆ ಇಳಿಯುತ್ತದೆ. ಸೋಪು ಹಾಕಿದರೂ ಹೋಗುವುದಿಲ್ಲ. ಈಗ ಮಷೀನು ಬಂದಿದೆ. ಆದರೆ ಎಳೆ ಅಡಿಕೆಯನ್ನು ಮಷೀನು ಜಜ್ಜಿ ಹಾಕುತ್ತದೆ, ಅದಕ್ಕೆ ನಮ್ಮ ಕೈಯೇ ಬೇಕು. ಕೈ ಬೇಕು, ನಾವು ಬೇಡ. ಮೊದಲು ನಮ್ಮ ಚಾ ಲೋಟ ಹೊರಗಿನ ನಲ್ಲಿಯ ಹತ್ತಿರ ಬೇರೆ ಇರುತ್ತಿತ್ತು. ಈಗ ಪೇಪರ್ ಲೋಟ ಬಂದಿದೆ. ಯಾರಿಗೂ ಮುಜುಗರ ಇಲ್ಲ, ಎಲ್ಲರೂ ಸಮಾನರಾಗಿಬಿಟ್ಟೆವು.

ಶೆಡ್ಡಿನ ಲೆಕ್ಕ ಬರೆಯುವ ರೈಟರು ಯೋಗೇಶ. ಎನ್.ಆರ್. ಪುರದ ಕಡೆಯವನು, ನಮ್ಮ ಜಾತಿಯವನಲ್ಲ. ಮಾಲೀಕರು ಶೃಂಗೇರಿ ಹತ್ತಿರ ಬೇಗಾರಿನಲ್ಲಿರುತ್ತಾರೆ, ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ಉಳಿದ ದಿನ ಶೆಡ್ಡು ಯೋಗೇಶನದು. ಯಾರು ಸುಲಿಯಲು ಕೂರಬೇಕು, ಯಾರು ಅಂಗಳದಲ್ಲಿ ಹರವಬೇಕು, ಯಾರು ಹಂಡೆಗೆ ಹೋಗಬೇಕು, ಎಲ್ಲ ಬೆಳಿಗ್ಗೆ ಅವನು ಹೇಳಿದಂತೆ.

ಅವನು ನನ್ನ ಹತ್ತಿರ ಕವಳ ಕೇಳುತ್ತಿದ್ದ. ಎಲ್ಲರೂ ಎಲ್ಲರನ್ನೂ ಕೇಳುತ್ತಾರೆ, ಅದರಲ್ಲೇನಿದೆ. ಆದರೆ ಮೇಲಿನ ಜಾತಿಯ ಹುಡುಗ ಕಾಲೊನಿ ಹುಡುಗಿಯ ಕೈಯಿಂದ ಕವಳ ಹಾಕಿಕೊಳ್ಳುತ್ತಾನಲ್ಲ ಅಂತ ನಮ್ಮ ಹೆಂಗಸರಿಗೇ ಹೆಮ್ಮೆ. ನನ್ನ ಪಕ್ಕದಲ್ಲಿ ಕೂರುವ ಕಮಲಕ್ಕ ವಯಸ್ಸಾದವಳು, ತಮಾಷೆ ಜಾಸ್ತಿ. ‘ರೈಟ್ರಿಗೆ ನಮ್ ಸಂಚಿ ಎಲೆ ರುಚಿನೇ ಹತ್ತಲ್ಲ ಮಾರಾಯ್ತಿ, ನಿಂದೇ ಬೇಕು’ ಅನ್ನುವಳು. ಸಾಲಿನಲ್ಲಿದ್ದವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ದೀಪಾವಳಿ ಹತ್ತಿರ ಬಂದಾಗ ಒಂದು ಸಂಜೆ ಬಸ್‌ಸ್ಟಾಪಿನಲ್ಲಿ ಬೈಕು ನಿಲ್ಲಿಸಿದ.

‘ಮಲ್ಲಿಕಾ, ನಂಗೆ ನಿನ್ ಮೇಲೆ ಮನಸ್ಸಾಗಿದೆ.’

‘ನಂಗಿಲ್ಲ ರೈಟ್ರೇ.’

‘ಸ್ವಲ್ಪ ಯೋಚ್ನೆ ಮಾಡು.’

‘ಯೋಚ್ನೆ ಮಾಡಕ್ಕೆ ಎಂತ ಇಲ್ಲ. ನಂಗೆ ಬೇಡ.’

ಬೈಕು ಹತ್ತಿ ಹೋದ. ಅಲ್ಲಿಯವರೆಗೆ ಅವನು ಮಾಡಿದ್ದು ತಪ್ಪು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಮನಸ್ಸಾಗುವುದು ಯಾರ ಕೈಯಲ್ಲಿದೆ. ಬಾಯಿಬಿಟ್ಟು ಕೇಳಿದ, ನಾನು ಬಾಯಿಬಿಟ್ಟು ಬೇಡ ಅಂದೆ. ಅವನಿಗೆ ಬೇಜಾರಾಗಿರಬಹುದು, ಮನೆಗೆ ಹೋಗಿ ಊಟ ಬಿಟ್ಟಿರಬಹುದು. ಅದು ಅವನ ಪಾಡು. ಅಲ್ಲಿಗೆ ಮುಗಿಯಬೇಕಿತ್ತು.

ಮಾರನೇ ಬೆಳಿಗ್ಗೆ ಕೆಲಸ ಹಂಚುವಾಗ ನನ್ನ ಮುಖ ನೋಡದೆ ಹೇಳಿದ: ‘ಮಲ್ಲಿಕಾ ಹಂಡೆಗೆ.’

ಹಂಡೆ ಇರುವುದು ಶೆಡ್ಡಿನ ಹಿಂದೆ. ಸುಲಿದ ಅಡಿಕೆಯನ್ನು ಚೊಗರಿನಲ್ಲಿ, ಅಂದರೆ ಹಿಂದಿನ ಅಡಿಕೆ ಬೆಂದ ಒಗರು ನೀರಿನಲ್ಲಿ, ಬೇಯಿಸುವ ಜಾಗ. ತಗಡಿನ ಮಾಡು, ಮೂರು ಕಡೆ ಗೋಡೆ, ಸದಾ ಹೊಗೆ. ಕುದಿಯುವ ಕೆಂಪು ನೀರಿನಿಂದ ತೂತಿನ ಸೌಟಿನಲ್ಲಿ ಅಡಿಕೆ ಎತ್ತಿ ಬುಟ್ಟಿಗೆ ಹಾಕಬೇಕು. ಬುಟ್ಟಿಯನ್ನು ಅಂಗಳಕ್ಕೆ ಹೊತ್ತು ಹಾಕಬೇಕು. ಬುಟ್ಟಿಯಿಂದ ಸೋರುವ ಬಿಸಿ ನೀರು ತೋಳಿನ ಮೇಲೆ ಇಳಿಯುತ್ತದೆ. ಇಬ್ಬರು ಗಂಡಸರು ಮಾಡುವ ಕೆಲಸ ಅದು, ಅವರನ್ನು ತೋಟದ ಕೊಯ್ಲಿಗೆ ಕಳಿಸಿಬಿಟ್ಟಿದ್ದ. ಹೆಂಗಸರಲ್ಲಿ ಯಾರನ್ನೂ ಅಲ್ಲಿಗೆ ಒಬ್ಬಳನ್ನೇ ಹಾಕಿದ್ದಿಲ್ಲ. ಸುಲಿದರೆ ಸುಲಿದಷ್ಟಕ್ಕೆ ಕೂಲಿ ಸಿಗುತ್ತದೆ, ನನ್ನ ಕೈ ಬೇಗ. ಹಂಡೆಯಲ್ಲಿ ಬೆಂದು ಸತ್ತರೂ ಬರಿ ದಿನಗೂಲಿ.

‘ಯಾಕೆ ರೈಟ್ರೇ, ನಾನು ಸುಲಿಯದು ಸರಿಯಾಗಲ್ವಾ?’ ಅಂದೆ.

‘ಹೇಳಿದ್ ಕೆಲ್ಸ ಮಾಡು.’

ಮಧ್ಯಾಹ್ನ ಹಂಡೆಯ ಹತ್ತಿರ ಬಂದ. ಗೋಡೆಗೆ ಒರಗಿ ನಿಂತ. ನನ್ನ ಕಣ್ಣಲ್ಲಿ ಹೊಗೆಯ ನೀರು ಇಳಿಯುತ್ತಿತ್ತು. ಅವನು ಅದನ್ನು ಬೇರೆ ನೀರು ಅಂದುಕೊಂಡಿರಬೇಕು. ‘ಅಳ್ಬೇಡ. ಹೂಂ ಅನ್ನು, ನಾಳೆನೇ ಮೆಟ್ಟುಕತ್ತಿಗೆ ಕೂರಿಸ್ತೀನಿ’ ಅಂದ. ಮೆತ್ತಗೆ, ಪ್ರೀತಿಯಿಂದಲೇ ಅಂದ. ನನಗೆ ಮೈ ಉರಿದುಹೋಯಿತು. ನಿನ್ನೆ ಬೇಡ ಅಂದದ್ದಕ್ಕೆ ಇವತ್ತು ಬೆಲೆ ಕಟ್ಟಿದ್ದ.

ಅವತ್ತಿನಿಂದ ದಿನಾ ಹಂಡೆ. ದಿನಾ ಅವನು ಬಂದು ‘ಯೋಚ್ನೆ ಮಾಡಿದ್ಯಾ’ ಅನ್ನುವುದು. ಫೋನಿಗೆ ಮೆಸೇಜು. ಮೊದಲು ಹೂವಿನ ಚಿತ್ರ, ಆಮೇಲೆ ‘ಕೆಂಪು ಬ್ಲೌಸ್ ಚಂದ ಕಾಣ್ತದೆ’. ಬ್ಲಾಕ್ ಮಾಡಿದೆ. ಮಾರನೇ ದಿನ ಬಸ್ಸಿಳಿದು ಶೆಡ್ಡಿಗೆ ಹೋದರೆ ಬಾಗಿಲು ಹಾಕಿದೆ. ಬೇರೆ ಯಾರೂ ಬಂದಿಲ್ಲ, ಅವನೊಬ್ಬ ಬೈಕಿನ ಮೇಲೆ ಕೂತಿದ್ದಾನೆ. ‘ಇವತ್ತು ಕೆಲ್ಸ ಇಲ್ಲ ಅಂತ ಮೆಸೇಜ್ ಹಾಕಿದ್ನಲ್ಲ. ಬ್ಲಾಕ್ ಮಾಡಿದ್ರೆ ನಿಂಗೆ ಹೆಂಗೆ ಗೊತ್ತಾಗ್ಬೇಕು?’ ಅಂದ. ನಾನು ಬಂದ ದಾರಿಯಲ್ಲೇ ತಿರುಗಿ ನಡೆದೆ. ಅವನು ಸುಮಾರು ದೂರ ಬೈಕು ನಿಧಾನ ಮಾಡಿಕೊಂಡು ಹಿಂದೆಯೇ ಬಂದ. ಮನೆಗೆ ಬಂದು ಬ್ಲಾಕ್ ತೆಗೆದೆ. ಕೆಲಸ ಇದೆಯೋ ಇಲ್ಲವೋ ಗೊತ್ತಾಗಬೇಕಾದರೆ ನನ್ನ ಬ್ಲೌಸಿನ ಬಣ್ಣವನ್ನೂ ಅವನಿಂದ ಕೇಳಬೇಕಿತ್ತು.

ಅಪ್ಪನಿಗೆ ಹೇಳಿದೆ. ಅಪ್ಪ ಸೂರು ನೋಡಿದ. ‘ಸೀಸನ್ ಮುಗಿಯ ತಂಕ ತಡ್ಕ ಮಗ’ ಅಂದ.

ತಡೆದುಕೊಂಡೆ. ತಡೆದುಕೊಳ್ಳುವುದನ್ನು ಅವನು ಒಪ್ಪಿಗೆ ಅಂತಲೇ ತಿಳಿದುಕೊಂಡ.

ಒಂದು ದಿನ ಹಂಡೆಯಿಂದ ಎತ್ತಿದ ಬುಟ್ಟಿಯನ್ನು ಎರಡೂ ಕೈಯಲ್ಲಿ ಎದೆಗೆ ಆತುಕೊಂಡು ತಿರುಗಿದೆ. ಅವನು ದಾರಿಗೆ ಅಡ್ಡ ನಿಂತಿದ್ದ.

‘ಕವಳ ಕೊಡು.’

‘ಕೈ ಬಿಡುವಿಲ್ಲ. ದಾರಿ ಬಿಡಿ.’

‘ಇರ್ಲಿ ಬಿಡು, ನಾನೇ ತಗೋತೀನಿ.’

ಸಂಚಿ ನನ್ನ ಸೊಂಟದಲ್ಲಿ ಸಿಕ್ಕಿಸಿತ್ತು. ಅವನ ಕೈ ಸಂಚಿಗೆ ಬಂತು. ಸಂಚಿಯಲ್ಲಿ ನಿಲ್ಲಲಿಲ್ಲ. ಸೀರೆಯ ಒಳಗೆ ಹೋಯಿತು. ಇನ್ನೊಂದು ಕೈ ಬೆನ್ನ ಹಿಂದೆ ಬಂತು. ಅವನ ಬಾಯಿಯ ಗುಟ್ಕಾ ವಾಸನೆ ನನ್ನ ಕುತ್ತಿಗೆಯ ಹತ್ತಿರ. ನನ್ನ ಎರಡೂ ಕೈಯಲ್ಲಿ ಕುದಿಯುವ ಮಾಲು. ಬುಟ್ಟಿ ಹಿಡಿದುಕೊಂಡರೆ ಅವನ ಕೈ ಇನ್ನೂ ಹೋಗುತ್ತದೆ. ಬಿಟ್ಟರೆ ನನ್ನ ಕಾಲ ಮೇಲೇ ಬೀಳುತ್ತದೆ. ಅವನಿಗೆ ಇದು ಗೊತ್ತಿತ್ತು. ಅದಕ್ಕೇ ಆ ಹೊತ್ತು ನೋಡಿ ಬಂದಿದ್ದ.

ಬಿಟ್ಟೆ.

ಅವನು ಹಾರಿ ಹಿಂದೆ ಸರಿದ. ಬಿಸಿ ಅಡಿಕೆ ನನ್ನ ಎಡಗಾಲ ಮೇಲೆ ಬಿತ್ತು. ನಾನು ಕೂಗುವ ಮೊದಲೇ ಅವನು ಕೂಗಿದ: ‘ನೋಡ್ರೀ ಇಲ್ಲಿ, ಮಾಲೆಲ್ಲ ಮಣ್ಣುಪಾಲು ಮಾಡಿದ್ಲು!’

ಹೆಂಗಸರು ಓಡಿ ಬಂದರು. ಕಮಲಕ್ಕ ಕಾಲಿಗೆ ತಣ್ಣೀರು ಹೊಯ್ದಳು. ನಾನು ಎಲ್ಲರ ಎದುರು ಹೇಳಿದೆ, ಹೀಗೆ ಕೈ ಹಾಕಿದ ಅಂತ. ಯಾರೂ ನನ್ನ ಮುಖ ನೋಡಲಿಲ್ಲ. ಸಾಲಿನಲ್ಲಿ ಮೊದಲು ಕೂರುವ ಶಂಕರಮ್ಮ ನೆಲದ ಅಡಿಕೆ ಆರಿಸುತ್ತಲೇ ಹೇಳಿದಳು: ‘ಕವಳ ತೆಗೆಯಕ್ಕೆ ಕೈ ಹಾಕಿರ್ಬೇಕು ಮಾರಾಯ್ತಿ. ಇದನ್ನೆಲ್ಲ ದೊಡ್ಡದು ಮಾಡ್ಬಾರ್ದು. ನಾಳೆ ಎಲ್ರಿಗೂ ಕೆಲ್ಸ ಇಲ್ದಂಗೆ ಆಗ್ತದೆ.’

ಮಾರನೇ ದಿನ ಕಾಲಿಗೆ ಬಟ್ಟೆ ಸುತ್ತಿಕೊಂಡೇ ಹೋದೆ. ಹೋಗದಿದ್ದರೆ ಮಾಲು ಚೆಲ್ಲಿ ಓಡಿಹೋದಳು ಅನ್ನುತ್ತಿದ್ದರು. ನಿಲ್ಲಲು ಆಗುವುದಿಲ್ಲ ಅಂತ ನೋಡಿ ಅವನೇ ಸುಲಿಯಲು ಕೂರಿಸಿದ. ದೊಡ್ಡ ಉಪಕಾರ. ಚಾ ಹೊತ್ತಿಗೆ ಸಾಲಿನ ಮಧ್ಯೆ ನಡೆದು ಬಂದು ನನ್ನ ಎದುರು ನಿಂತು ಅಂಗೈ ಚಾಚಿದ. ಹಲ್ಲು ಕಾಣುವ ಹಾಗೆ ನಗುತ್ತಿದ್ದ.

‘ಮಲ್ಲಿಕಾ, ಕವಳ.’

ಅವನು ಕೇಳಿದ್ದು ಎಲೆಯನ್ನಲ್ಲ. ನಾನು ಕೊಟ್ಟರೆ ನಿನ್ನೆ ಏನೂ ಆಗಲಿಲ್ಲ ಅಂತ ಆಗುತ್ತಿತ್ತು. ಎಲ್ಲರ ಎದುರು, ನನ್ನ ಕೈಯಿಂದಲೇ.

‘ಇದೆ. ನಿಮಗೆ ಕೊಡಲ್ಲ’ ಅಂದೆ.

‘ಏ, ಹಂಗನ್ಬಾರ್ದು ಕಣೇ’ ಅಂತ ಯಾರೋ ಪಿಸುಗುಟ್ಟಿದರು. ಕಮಲಕ್ಕ ಬೇಗಬೇಗ ತನ್ನ ಸಂಚಿ ಬಿಚ್ಚಿ ಅವನ ಕಡೆ ಚಾಚಿದಳು. ಅವನು ಅವಳ ಕಡೆ ತಿರುಗಿಯೂ ನೋಡಲಿಲ್ಲ. ಮುಖ ಕಪ್ಪಿಟ್ಟಿತ್ತು. ‘ನಿನ್ ಜಾತಿಯವಳ ಕೈಯಿಂದ ಹಾಕ್ಕತಿದ್ದೆನಲ್ಲ, ನಂಗೆ ಬುದ್ಧಿ ಇಲ್ಲ’ ಅಂದ. ಆ ಮಾತು ಇಷ್ಟು ದಿನ ಎಲ್ಲಿತ್ತೋ. ಒಂದು ಇಲ್ಲ ಅನ್ನುವಷ್ಟರಲ್ಲಿ ಹೊರಗೆ ಬಂತು.

ರವಿಶಂಕರಯ್ಯ ಮಾರನೇ ದಿನವೇ ಬಂದರು. ಜೊತೆಗೆ ಅವರ ಹೆಂಡತಿ ಶ್ರೀರಂಜನಿಯಮ್ಮ. ಹೆಣ್ಣಿನ ವಿಷಯ, ಒಬ್ಬರು ಹೆಂಗಸು ಇರಲಿ ಅಂತ ಕರೆದುಕೊಂಡು ಬಂದಿದ್ದರು. ಅಪ್ಪನನ್ನು ಆಟೋ ಕಳಿಸಿ ಕರೆಸಿದ್ದರು. ಅಂಗಳದಲ್ಲಿ ಅವರಿಬ್ಬರಿಗೆ ಕುರ್ಚಿ. ಯೋಗೇಶ ಕುರ್ಚಿಯ ಪಕ್ಕ ಕೈಕಟ್ಟಿ ನಿಂತಿದ್ದ. ಅಪ್ಪ ಸೊಂಟ ಹಿಡಿದುಕೊಂಡು ಕಟ್ಟೆಯ ತುದಿಗೆ ನಿಂತ. ಕೂರು ಅಂತ ಯಾರೂ ಹೇಳಲಿಲ್ಲ. ಕೆಲಸದ ಹೆಂಗಸರೆಲ್ಲ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು.

‘ಎಂತ ಇದು ಚೋಮ? ನಮ್ಮಲ್ಲಿ ಇಂಥದ್ದು ಯಾವತ್ತೂ ಇರ್ಲಿಲ್ಲ’ ಅಂದರು ರವಿಶಂಕರಯ್ಯ.

‘ತಪ್ಪಾತು ಅಯ್ಯಾ’ ಅಂದ ಅಪ್ಪ. ಏನು ತಪ್ಪು ಅಂತ ಅವನಿಗೂ ಗೊತ್ತಿರಲಿಲ್ಲ. ಆ ಅಂಗಳದಲ್ಲಿ ನಿಂತರೆ ಅವನ ಬಾಯಿಗೆ ಮೊದಲು ಬರುವ ಮಾತೇ ಅದು.

ಯೋಗೇಶ ತಲೆ ತಗ್ಗಿಸಿ ಒಳ್ಳೆಯ ಹುಡುಗನ ಹಾಗೆ ಹೇಳಿದ: ‘ನಂಗೆ ಇಷ್ಟ ಇತ್ತು ಅಯ್ಯ. ಸುಳ್ಳು ಹೇಳಲ್ಲ. ಅವ್ಳಿಗೂ ಇತ್ತು ಅಂತ ತಿಳ್ಕಂಡಿದ್ದೆ. ದಿನಾ ಕವಳ ಕೊಡ್ತಿದ್ಲು.’

ಶ್ರೀರಂಜನಿಯಮ್ಮ ನನ್ನ ಕಡೆ ತಿರುಗಿದರು. ಓದಿದವರು, ಮಾತು ಮೃದು. ‘ನೋಡು ಮಲ್ಲಿಕಾ, ವಯಸ್ಸಿನ ಹುಡುಗ್ರಿಗೆ ಇಷ್ಟ ಆಗದು ಸಹಜ. ಅದನ್ನ ಇಷ್ಟು ಕೆಟ್ಟದಾಗಿ ನೋಡ್ಬಾರ್ದು. ನಿಂಗೆ ಬೇಡ ಅಂತಿದ್ರೆ ಕವಳ ಎಂತಕ್ಕೆ ಕೊಡ್ತಿದ್ದೆ?’

‘ಕೇಳಿದವ್ರಿಗೆಲ್ಲ ಕೊಡ್ತೀನಮ್ಮ. ಕಂಡಕ್ಟರಿಗೂ ಕೊಟ್ಟಿದೀನಿ. ಅವ್ರ್ಯಾರೂ ಸೀರೆ ಒಳಗೆ ಕೈ ಹಾಕ್ಲಿಲ್ಲ.’

‘ಮಾತು ನೋಡ್ಕಂಡ್ ಆಡು’ ಅಂದರು ಅಯ್ಯ.

‘ಕೈ ಹಾಕಿದವ್ನಿಗೆ ಹೇಳಿ ಅಯ್ಯ. ನಾನು ಬರೀ ಮಾತಾಡಿದ್ದು.’

ಅಪ್ಪ ‘ಮಗಾ’ ಅಂದ. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಬಾಯಿ ತೆರೆಯುವುದಿಲ್ಲ ಅಂತ ಗೊತ್ತಿತ್ತು. ಕಾಲಿನ ಗಾಯ ಬಟ್ಟೆಗೆ ಅಂಟಿಕೊಂಡು ಚುರುಗುಟ್ಟುತ್ತಿತ್ತು.

‘ಇಷ್ಟ ಅಂತೀರಲ್ಲಮ್ಮ. ಹಂಗಾರೆ ಅವ್ರಮ್ಮನ್ನ ನಮ್ಮನೆಗೆ ಹೆಣ್ಣು ಕೇಳಕ್ಕೆ ಕಳಿಸಲಿ. ನಾನು ಬೇಡ ಅಂತ್ಲೇ ಹೇಳ್ತೀನಿ. ಆದ್ರೆ ಅವ್ರು ಬಂದು ಕೇಳ್ತಾರಾ, ಅದನ್ನ ಕೇಳಿ.’

ಯೋಗೇಶ ತಲೆ ಎತ್ತಿದ. ಮುಖದಲ್ಲಿ ಗಾಬರಿ. ಕಾಲೊನಿಗೆ ಹೆಣ್ಣು ಕೇಳಲು ಹೋಗುವುದು ಅವನ ಪ್ರೀತಿಯಲ್ಲಿ ಸೇರಿರಲಿಲ್ಲ. ಶ್ರೀರಂಜನಿಯಮ್ಮ ಸೆರಗು ಸರಿಮಾಡಿಕೊಂಡು ಗಂಡನ ಕಡೆ ನೋಡಿದರು.

‘ಅಯ್ಯ, ಅವ್ನು ಬಸ್‌ಸ್ಟಾಪಲ್ಲಿ ಕೇಳಿದ, ನಾನು ಬೇಡ ಅಂದೆ. ಅದನ್ನ ನಾನು ಯಾರ ಹತ್ರನೂ ದೂರು ಹೇಳಿಲ್ಲ. ಮಾರನೇ ದಿನ ನನ್ನ ಹಂಡೆಗೆ ಹಾಕಿದ. ಹೂಂ ಅಂದ್ರೆ ತೆಗಿತೀನಿ ಅಂದ. ಮನಸ್ಸು ಅವಂದಿರಬಹುದು. ಹಂಡೆ ನಿಮ್ದು. ಕೆಲ್ಸ ನಿಮ್ದು. ನಿಮ್ ಕೆಲ್ಸ ತೋರ್ಸಿ ಅವ್ನು ನನ್ನ ಕೇಳಿದ್ದು ನಿಮ್ಗೆ ಒಪ್ಪಿಗೆನಾ?’

ರವಿಶಂಕರಯ್ಯ ಅಂಗಳದ ಅಡಿಕೆ ನೋಡಿದರು, ಗಡಿಯಾರ ನೋಡಿದರು. ಅವರಿಗೆ ನ್ಯಾಯ ಬೇಕಿರಲಿಲ್ಲ, ಬೇಯಬೇಕಾದ ಮಾಲು ಹಾಗೇ ಬಿದ್ದಿತ್ತು. ಆಮೇಲೆ ದೊಡ್ಡ ಮನಸ್ಸು ಮಾಡಿದ ಹಾಗೆ ಕೈ ಎತ್ತಿದರು.

‘ಆಯ್ತು. ಇಬ್ರೂ ಇಲ್ಲಿಗೆ ಬಿಡಿ. ಮಲ್ಲಿಕಾ ಇನ್ಮೇಲೆ ಸುಲಿಯಕ್ಕೇ ಕೂರ್ಲಿ. ಹಂಡೆಗೆ ಬೇರೆಯವ್ರನ್ನ ಹಾಕು ಯೋಗೇಶ. ಗಟ್ಟಿಯಾಗಿರೋರು ಯಾರಿದಾರೆ? ಶಂಕರಮ್ಮನ ಮಗ್ಳು ಇದಾಳಲ್ಲ, ಅವ್ಳನ್ನ ಹಾಕು.’

ಶಂಕರಮ್ಮನ ಮಗಳು ಚಿಕ್ಕಕ್ಕ. ಅಜ್ಜಿಯ ಹೆಸರು ಇಟ್ಟಿದ್ದರು. ಅದೇ ವರ್ಷ ಕೆಲಸಕ್ಕೆ ಸೇರಿದ್ದಳು, ನನಗಿಂತ ಚಿಕ್ಕವಳು. ಬಾಗಿಲಲ್ಲಿ ತಾಯಿಯ ಹಿಂದೆ ನಿಂತಿದ್ದಳು. ಅಪ್ಪನ ಮುಖದಲ್ಲಿ ನೆಮ್ಮದಿ ಬಂತು. ನನ್ನ ಕೆಲಸ ಉಳಿಯಿತು, ನನ್ನ ಜಾಗ ಸಿಕ್ಕಿತು. ನಾನು ಸುಮ್ಮನೆ ಹೋಗಿ ಕೂತರೆ ಆಯಿತು. ಒಂದು ಕ್ಷಣ ನನಗೂ ಆಸೆಯಾಯಿತು, ಅದನ್ನೇಕೆ ಮುಚ್ಚಿಡಲಿ. ಕಾಲು ಅಷ್ಟು ನೋಯುತ್ತಿತ್ತು.

‘ನನ್ ಮಗ್ಳು ಹಂಡೆಗೆ ಹೋಗಲ್ಲ.’

ಹೇಳಿದ್ದು ಶಂಕರಮ್ಮ. ಬಾಗಿಲು ಬಿಟ್ಟು ಅಂಗಳಕ್ಕೆ ಇಳಿದಿದ್ದಳು. ಅವಳು ಆ ಶೆಡ್ಡಿನಲ್ಲಿ ಎದುರು ಮಾತಾಡಿದ್ದನ್ನು ನಾನು ನೋಡಿಲ್ಲ.

‘ಯಾಕೆ?’ ಅಂದರು ಅಯ್ಯ.

‘ಹೋಗಲ್ಲ ಅಯ್ಯ.’

‘ಅದೇ ಯಾಕೆ ಅಂತ ಕೇಳ್ತಿರದು. ಕೆಲ್ಸ ಅಲ್ವಾ ಅದು?’

ಯಾಕೆ ಅಂತ ಹೇಳಬೇಕಾದರೆ ಶಂಕರಮ್ಮ ತಾನು ಮೊನ್ನೆ ಹೇಳಿದ್ದೆಲ್ಲ ಸುಳ್ಳು ಅನ್ನಬೇಕು. ನನಗೆ ಸಿಟ್ಟು ಬಂತು. ಯೋಗೇಶನ ಮೇಲೆ ಬಂದದ್ದಕ್ಕಿಂತ ಜಾಸ್ತಿ.

‘ಕಳ್ಸು ಶಂಕರಮ್ಮ. ಕವಳ ತೆಗೆಯಕ್ಕೆ ಕೈ ಹಾಕ್ತಾನೆ ಅಷ್ಟೆ. ದೊಡ್ಡದು ಮಾಡ್ಬಾರ್ದು ಅಂದಿದ್ಯಲ್ಲ, ಕಳ್ಸು’ ಅಂದೆ.

ಅವಳು ನನ್ನ ಕಡೆ ನೋಡಲಿಲ್ಲ. ಮಗಳ ಕೈ ಹಿಡಿದು ಎಳೆದುಕೊಂಡಳು. ‘ಬೇಕಾರೆ ನಮ್ ಇಬ್ರನ್ನೂ ಕೆಲ್ಸದಿಂದ ತೆಗೀರಿ. ಹಂಡೆ ಹತ್ರ ನನ್ ಮಗ್ಳನ್ನ ಬಿಡಲ್ಲ’ ಅಂದಳು. ಶ್ರೀರಂಜನಿಯಮ್ಮ ಕುರ್ಚಿಯಿಂದ ಎದ್ದರು. ಇಷ್ಟ ಆಗುವುದು ಸಹಜ ಅಂದವರು, ದೊಡ್ಡದು ಮಾಡಬಾರದು ಅಂದವರು ಎಲ್ಲರೂ ಆ ಅಂಗಳದಲ್ಲೇ ಇದ್ದರು. ಹಂಡೆಗೆ ಇನ್ನೊಂದು ಹುಡುಗಿಯ ಹೆಸರು ಹೇಳಿ ಅಂದರೆ ಒಬ್ಬರೂ ಬಾಯಿ ಬಿಡಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

‘ಹಂಗಾರೆ ನೀವ್ ಮೂರೂ ಜನ ನಾಳೆಯಿಂದ ಬರದು ಬೇಡ’ ಅಂದರು ರವಿಶಂಕರಯ್ಯ. ಜೀಪು ಹತ್ತಿದರು. ಯೋಗೇಶ ಗೇಟು ತೆಗೆಯಲು ಓಡಿದ.

ಕೊಪ್ಪದಲ್ಲಿ ಇಂಥ ದೂರು ತೆಗೆದುಕೊಳ್ಳುವ ಒಬ್ಬರು ಮೇಡಂ ಇದ್ದಾರೆ, ಅವರ ಮೂಲಕ ಜಿಲ್ಲೆಯ ಸಮಿತಿಗೆ ಹೋಗುತ್ತದೆ ಅಂತ ನಮ್ಮ ಅಂಗನವಾಡಿ ಟೀಚರ್ ಹೇಳಿದ್ದಳು. ಬೆಳಿಗ್ಗೆ ಬಸ್‌ಸ್ಟಾಪಿಗೆ ಹೋದರೆ ಶಂಕರಮ್ಮ ಮೊದಲೇ ಬಂದು ನಿಂತಿದ್ದಳು. ಟೀಚರ್ ಹೇಳಿದ್ದು ಅವಳ ಕಿವಿಗೂ ಬಿದ್ದಿರಬೇಕು. ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತೆವು. ಕೊಪ್ಪದಲ್ಲಿ ಇಳಿದು ನಾನು ಕುಂಟುತ್ತಾ ನಡೆದೆ, ಅವಳು ಹಿಂದೆ ಹಿಂದೆ ಬಂದಳು.

ಮೇಡಂ ಎದುರಿನ ಬೆಂಚು ತೋರಿಸಿದರು. ಇಬ್ಬರೂ ಕೂತೆವು. ನಾನು ಮೊದಲಿಂದ ಹೇಳಿದೆ. ಬಸ್‌ಸ್ಟಾಪು, ಹಂಡೆ, ಮೆಸೇಜು, ಬುಟ್ಟಿ. ಅವರು ಬರೆದುಕೊಂಡರು. ಕೊನೆಗೆ ಕೇಳಿದರು: ‘ಕೈ ಹಾಕಿದಾಗ ಯಾರಾದ್ರೂ ನೋಡಿದಾರಾ?’

‘ಯಾರೂ ಇಲ್ಲ ಮೇಡಂ. ನಾನೊಬ್ಳೇ ಇದ್ದೆ.’

‘ನಾನಿದ್ದೆ’ ಅಂದಳು ಶಂಕರಮ್ಮ.

ನಾನು ತಿರುಗಿ ನೋಡಿದೆ. ಅವಳು ತನ್ನ ಕರೆಗಟ್ಟಿದ ಬೆರಳು ನೋಡಿಕೊಂಡು ಕೂತಿದ್ದಳು.

‘ಸೌದೆ ತಗಳಕ್ಕೆ ಅಂತ ಹಿಂದೆ ಹೋಗಿದ್ದೆ. ಗೋಡೆ ಪಕ್ಕ ನಿಂತಿದ್ದೆ. ಅವ್ನು ಕೈ ಹಾಕಿದ್ದು ನೋಡ್ದೆ. ಇವ್ಳು ದಾರಿ ಬಿಡಿ ಅಂದಿದ್ದೂ ಕೇಳ್ತು. ಬುಟ್ಟಿ ಬಿದ್ದ ಮೇಲೆ ಈ ಕಡೆಯಿಂದ ಸುತ್ತಿ ಎಲ್ರ ಜೊತೆ ಬಂದಂಗೆ ಬಂದೆ.’

ಮೇಡಂ ‘ನಿಧಾನಕ್ಕೆ ಹೇಳಿ, ಎಲ್ಲ ಹೇಳಿ’ ಅಂದರು. ಶಂಕರಮ್ಮ ಹೇಳತೊಡಗಿದಳು. ಅವನ ಯಾವ ಕೈ ಎಲ್ಲಿತ್ತು, ನಾನು ಹೇಗೆ ನಿಂತಿದ್ದೆ, ನಾನು ನಾಚಿಕೆಯಿಂದ ಹೇಳದೆ ಬಿಟ್ಟದ್ದನ್ನೂ ಹೇಳಿದಳು. ಆ ಗೋಡೆಯಿಂದ ಹಂಡೆಗೆ ಎಷ್ಟು ದೂರ ಅಂತ ನನಗೆ ಗೊತ್ತು. ಒಂದು ಕೆಮ್ಮು ಕೆಮ್ಮಿದ್ದರೂ ಅವನು ಕೈ ತೆಗೆಯುತ್ತಿದ್ದ, ನನ್ನ ಕಾಲು ಸುಡುತ್ತಿರಲಿಲ್ಲ. ಅದನ್ನು ನಾನು ಅವಳನ್ನು ಕೇಳುತ್ತೇನೆ, ಬಿಡುವುದಿಲ್ಲ. ಆದರೆ ಇವತ್ತಲ್ಲ. ಇವತ್ತು ಅವಳು ಹೇಳಲಿ.